ಬಲಗಡೆಯ ಜೇಬು

ಇನ್‌ಫೆಂಟ್ರಿ ರಸ್ತೆಯ ಕಚೇರಿಗೆ ಹದಿನಾಲ್ಕು ಸಲ ಅಲೆದ ಮೇಲೆ
ಲೈಸೆನ್ಸು ಬಂತು.
ರಿವಾಲ್ವರ್ ಕೊಳ್ಳಲು ಒಂದು ಮಧ್ಯಾಹ್ನ ಸಾಕಾಯಿತು.
ಅದಕ್ಕೊಂದು ಒರೆ ಹುಡುಕಲು ಮೂರು ತಿಂಗಳು.
ನಮ್ಮ ನಗರ್ತಪೇಟೆಯಲ್ಲಿ ಒರೆ ಎಂದರೆ
ಚಿನ್ನ ಉಜ್ಜಿ ನೋಡುವ ಕಲ್ಲು, ಅಷ್ಟೇ.

ನನ್ನ ಕೆಲಸ:
ಕುಲುಮೆಯಿಂದ ಬಂದ ಗಟ್ಟಿಯನ್ನು ಊಟದ ಡಬ್ಬಿಯ ತಳದಲ್ಲಿಟ್ಟು
ಮೇಲೆ ಎರಡು ಚಪಾತಿ, ನಿಂಬೆ ಉಪ್ಪಿನಕಾಯಿ,
ಜಯನಗರ ನಾಲ್ಕನೇ ಬ್ಲಾಕಿಗೆ ಮುಟ್ಟಿಸುವುದು.
ಮೆಟ್ರೋದಲ್ಲಿ ಮೈ ತಡವುತ್ತಾರೆ. ಅದಕ್ಕೇ ಸ್ಕೂಟರು.

ಮೊದಲು ತಂದದ್ದು ನೈಲಾನಿನದು.
ಎಳೆದರೆ ಅದೂ ಜತೆಗೇ ಈಚೆ ಬಂತು,
ಬೆಲ್ಲಕ್ಕಂಟಿದ ಕಾಗದದ ಹಾಗೆ.
ಎರಡನೆಯದು ಗಟ್ಟಿ ಪ್ಲಾಸ್ಟಿಕ್ಕು.
ಕೂತರೆ ತೊಡೆಗೆ ಒತ್ತು, ನಿಂತರೆ ಪ್ಯಾಂಟಿನ ಮೇಲೆ ಅಚ್ಚು.
ಅವೆನ್ಯೂ ರಸ್ತೆಯ ಹಳೇ ಪುಸ್ತಕದವನು
ನನ್ನ ಜೇಬನ್ನೇ ಓದುತ್ತಿದ್ದ.

ಕೊನೆಗೆ ಶಿವಾಜಿನಗರ, ಬ್ರಾಡ್‌ವೇ ಹಿಂದಿನ ಸಂದು.
ರೇಸ್‌ಕೋರ್ಸಿನ ಕುದುರೆಗಳಿಗೆ ನಲವತ್ತು ವರ್ಷ
ಜೀನು ಹೊಲಿದ ದಸ್ತಗೀರ್ ಸಾಬರು.
ಖಾಲಿ ಮಾಡಿಯೇ ಕೊಟ್ಟೆ. ಅವರು ನಂಬದೆ
ಗುಂಡಿನ ಮನೆಗಳನ್ನು ಬೆರಳಿಟ್ಟು ಎಣಿಸಿದರು.
ಆಮೇಲೆ ಅಳತೆ.
"ಒಳಗೆ ನಯ, ಹೊರಗೆ ಒರಟು.
ಒರಟು ಮೈ ಜೇಬಿನ ಬಟ್ಟೆ ಹಿಡ್ಕೋತದೆ, ನಯದ್ದು ಬಿಟ್ಟುಕೊಡ್ತದೆ.
ಮನುಷ್ಯರನ್ನ ದೇವರು ಉಲ್ಟಾ ಹೊಲಿದಿದ್ದಾನೆ."
ನಕ್ಕರು, ಕೆಮ್ಮಿದರು.
"ಇದಕ್ಕೂ ಕುದುರೆ ಅಂತಾನೇ ಹೆಸರು ನೋಡಿ.
ಆ ಕುದುರೆಗೆ ಜೀನು ಓಡಲಿ ಅಂತ,
ಈ ಕುದುರೆಗೆ ಓಡದಿರಲಿ ಅಂತ.
ಪೂರಾ ಮುಚ್ಚಬೇಕು.
ಈ ಜೇಬಲ್ಲಿ ಇನ್ನೇನೂ ಇರಕೂಡ್ದು. ಬೀಗದ ಕೈ, ಚಿಲ್ರೆ, ಏನೂ.
ವಾಪಸ್ ಇಡೋವಾಗ ಒರೆ ಈಚೆ ತೆಗೀರಿ, ನೋಡ್ಕೊಂಡು ಇಡಿ.
ಕುರುಡು ಕೈಯಿನ ಕೆಲಸ ಅಲ್ಲ."

ಕಬ್ಬನ್‌ಪೇಟೆಯ ಏಳುಮಲೈ ಜೇಬನ್ನು ಎರಡಂಗುಲ ಅಗಲಿಸಿ
ದಪ್ಪ ಡ್ರಿಲ್ ಬಟ್ಟೆ ಹಾಕಿಕೊಟ್ಟ.
"ಇಷ್ಟು ದೊಡ್ಡ ಜೇಬು! ಎಲೆಕ್ಷನ್ನಿಗೆ ನಿಲ್ತೀರಾ ಸಾರ್?"

ರಾತ್ರಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟು
ಬೀರುವಿನ ಕನ್ನಡಿಯ ಮುಂದೆ ಅಭ್ಯಾಸ.
ಬೆರಳು ಚಪ್ಪಟೆ, ಹೆಬ್ಬೆರಳು ಮೇಲೆ, ತೋರುಬೆರಳು ದೂರ.
ಕನ್ನಡಿಯವನು ಪ್ರತಿ ಸಲವೂ ನನ್ನಷ್ಟೇ ತಡ ಮಾಡಿದ.
ಭಾನುವಾರ ಹಳೇ ಟೂತ್‌ಬ್ರಶ್ಶಿನಿಂದ ಧೂಳು ತೆಗೆಯುವುದು.
ಜೇಬು ಎಂಥ ಹೊಲ,
ಬಿತ್ತದೆಯೇ ನೂಲಿನ ಬೆಳೆ.

ಇಷ್ಟರಲ್ಲಿ ಒಂದು ಮರೆತಿದ್ದೆ.
ಆ ಜೇಬು ಮೊದಲು ಚಿತ್ಕಲಾಳದು.
ಸ್ಕೂಲಿಂದ ಬರುವಾಗ ಬಲಕ್ಕೆ ನಡೆದು
ಕೈ ಇಳಿಬಿಟ್ಟು ಶುಂಠಿ ಪೆಪ್ಪರ್‌ಮಿಂಟು ಹುಡುಕುವಳು.
"ಎಡಕ್ಕೆ ಬಾ" ಅಂದೆ.
"ಎಡಗಡೆ ಗಾಡಿ ಬರ್ತವೆ ಅಂತ ನೀನೇ ಹೇಳಿದ್ದು."
ಅಂದಿನಿಂದ ನಾವು ರಸ್ತೆಯ ಆಚೆ ಬದಿಗೆ ನಡೆಯುತ್ತೇವೆ.

ಚುನಾವಣೆ ಬಂತು.
ಹಲಸೂರು ಗೇಟ್ ಠಾಣೆಯಲ್ಲಿ ಆಯುಧ ಜಮಾ.
ರೈಟರ್ ನಂಬರು ಬರೆದುಕೊಂಡು ಚೀಟಿ ಹರಿದುಕೊಟ್ಟ.
ಒರೆಯನ್ನು ತಳ್ಳಿದ: "ಇದು ನಮ್ಮ ಪಟ್ಟೀಲಿಲ್ಲ."
ಅಭ್ಯಾಸಬಲ, ಜೇಬಿಗೇ ಇಳಿಸಿಕೊಂಡೆ.
ಇಲ್ಲದ್ದರ ಆಕಾರವನ್ನು ಹಾಗೇ ಹಿಡಿದುಕೊಂಡು
ತೊಡೆಯ ಮೇಲೆ ಕೂತಿತ್ತು ತೊಗಲು.

ಸಿದ್ದಿಕಟ್ಟೆಯ ಹತ್ತಿರ, ಹೂವಿನ ರಾಶಿ ತಪ್ಪಿಸುತ್ತಾ,
ಅವಳು ಬಲಕ್ಕೆ ನುಸುಳಿದ್ದು ಗೊತ್ತಾಗಲಿಲ್ಲ.
"ಅಪ್ಪಾ, ಇದು ಯಾರ ಮನೆ?"

ಖಾಲಿ ಎಂದು ಗೊತ್ತು.
ಚೀಟಿ ಎದೆಯ ಜೇಬಿನಲ್ಲೇ ಇತ್ತು.
ಆದರೂ ಮುಂಗೈ ಹಿಡಿದು ಎಳೆದುಬಿಟ್ಟೆ
ಬೇಕಾದ್ದಕ್ಕಿಂತ ಜೋರಾಗಿ.
ಮತ ಎಣಿಸಿ ಮುಗಿದರೆ ಅದು ವಾಪಸ್ ಬರುತ್ತದೆ.
ದಾರಿ ಕಲಿತ ಕೈ
ಪಂಚಾಂಗ ನೋಡಿ ಇಳಿಯುವುದಿಲ್ಲ.

ಎಡಗಡೆಯಿಂದ ಪೆಪ್ಪರ್‌ಮಿಂಟು ತೆಗೆದೆ. ಬೇಡ ಅಂದಳು.
ಟೌನ್‌ಹಾಲಿನ ತನಕ
ತನ್ನ ಯೂನಿಫಾರಮ್ಮಿನ ಜೇಬುಗಳಲ್ಲಿ
ಎರಡೂ ಕೈ ಇಟ್ಟುಕೊಂಡೇ ನಡೆದಳು.
ಅಲ್ಲಿ ಏನಿಟ್ಟಿದ್ದಾಳೆಂದು
ನಾನು ಕೇಳಲಿಲ್ಲ.